ಮಿಡ್‌ಲ್ಯಾಂಡ್ ಬಿಟ್ಟು ಡಲ್ಲಾಸ್‌ಗೆ: ಹಳೇ ಯುದ್ಧವಿಮಾನಗಳ ಸಂಸ್ಥೆ ಊರು ಬದಲಿಸಿದಾಗ ಯಾರಿಗೆ ಏನಾಯ್ತು?

ಹಳೇರೆಕ್ಕೆ (ಅರ್ವಿಂಗ್, ಟೆಕ್ಸಾಸ್)

ಡಲ್ಲಾಸ್ ಸುತ್ತಮುತ್ತ ಇರೋ ನಮ್ಮವರಲ್ಲಿ ತುಂಬಾ ಜನ ಕಮೆಮೊರೇಟಿವ್ ಏರ್ ಫೋರ್ಸ್ ಹೆಸರು ಕೇಳಿರ್ತೀರಿ. ಸಿಎಎಫ್ ಅಂತಾರಲ್ಲ, ಅದೇ. ಮಕ್ಕಳನ್ನ ಕರ್ಕೊಂಡು ಹೋಗಿ 'ಫಿಫಿ' ಅನ್ನೋ ಬಿ-29 ಬಾಂಬರ್ ನೋಡಿ ಬಂದಿರಲೂಬಹುದು. ಆದರೆ ಈ ಸಂಸ್ಥೆ ಡಲ್ಲಾಸ್‌ನಲ್ಲಿ ಹುಟ್ಟಿದ್ದಲ್ಲ, ಮೂರು ಊರು ದಾಟಿ ಇಲ್ಲಿಗೆ ಬಂದಿದೆ ಅನ್ನೋದು ಅಷ್ಟಾಗಿ ಯಾರ ಬಾಯಲ್ಲೂ ಬರಲ್ಲ. ಆ ಮೂರು ಊರುಗಳ ಬಗ್ಗೆ ಮಾತಾಡೋಣ ಅಂತಲೇ ಈ ಚರ್ಚೆ ಶುರು ಮಾಡ್ತಿದ್ದೀನಿ.

ಕಥೆ ಶುರುವಾಗೋದು 1957ರಲ್ಲಿ, ಮೆಕ್ಸಿಕೋ ಗಡಿ ಹತ್ತಿರದ ಮರ್ಸಿಡಿಸ್ ಅನ್ನೋ ಸಣ್ಣ ಊರಲ್ಲಿ. ಲಾಯ್ಡ್ ನೋಲನ್ ಮತ್ತು ನಾಲ್ಕು ಜನ ಗೆಳೆಯರು ದುಡ್ಡು ಹಾಕ್ಕೊಂಡು ಒಂದು ಪಿ-51 ಮಸ್ಟಾಂಗ್ ಕೊಂಡ್ರು. ಮುಂದಿನ ವರ್ಷ ನೌಕಾಪಡೆಯಿಂದ ಎರಡು ಬೇರ್‌ಕ್ಯಾಟ್ ವಿಮಾನಗಳನ್ನ ತಲಾ 805 ಡಾಲರ್‌ಗೆ ತಗೊಂಡ್ರು. ಎರಡನೇ ಮಹಾಯುದ್ಧ ಗೆದ್ದುಕೊಟ್ಟ ವಿಮಾನಗಳು ಗುಜರಿ ಬೆಲೆಗೆ ಹೋಗ್ತಿದ್ದ ಕಾಲ ಅದು. ಉಳಿಸಬೇಕು ಅಂತ ಸರ್ಕಾರಕ್ಕೇ ಅನ್ನಿಸಿರಲಿಲ್ಲ. 1961ರಲ್ಲಿ ಇವರು ಲಾಭರಹಿತ ಸಂಸ್ಥೆಯಾಗಿ ನೋಂದಾಯಿಸಿಕೊಂಡ್ರು. 1968ರಲ್ಲಿ ಪಕ್ಕದ ಹಾರ್ಲಿಂಜನ್‌ಗೆ, 1991ರಲ್ಲಿ ದೂರದ ಮಿಡ್‌ಲ್ಯಾಂಡ್‌ಗೆ, ಆಮೇಲೆ ಇಪ್ಪತ್ತಕ್ಕೂ ಹೆಚ್ಚು ನಗರಗಳನ್ನ ತೂಗಿ ನೋಡಿ 2014ರ ಏಪ್ರಿಲ್‌ನಲ್ಲಿ ಡಲ್ಲಾಸ್ ಎಕ್ಸಿಕ್ಯುಟಿವ್ ಏರ್‌ಪೋರ್ಟ್ ಅಂತ ಘೋಷಣೆ.

ಡಲ್ಲಾಸ್‌ಗೆ ಬಂದಿದ್ದು ಸಂಸ್ಥೆಗೆ ಬೇಕಾಗಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಾರೋ ಸ್ಥಿತಿಯಲ್ಲಿರೋ ಹಳೇ ವಿಮಾನ ಇಟ್ಕೊಳ್ಳೋಕೆ ಕೊನೆಯೇ ಇಲ್ಲದ ಖರ್ಚು. ಟಿಕೆಟ್ ತಗೊಳ್ಳೋರು, ದೇಣಿಗೆ ಕೊಡೋರು, ಶಾಲೆ ಬಸ್ಸುಗಳು, ನೇರ ವಿಮಾನ ಸಂಪರ್ಕ, ಇವೆಲ್ಲ ದೊಡ್ಡ ನಗರದಲ್ಲೇ ಸಿಗೋದು. ಆದರೆ ಹೊಸ ಊರನ್ನ ಆರಿಸೋಕೆ ಎಷ್ಟು ತಲೆ ಕೆಡಿಸಿಕೊಳ್ತಾರೋ, ಬಿಟ್ಟು ಬರೋ ಊರಿಗೆ ಏನು ಉಳಿಸಬೇಕು ಅನ್ನೋದಕ್ಕೂ ಅಷ್ಟೇ ತಲೆ ಕೆಡಿಸಿಕೊಳ್ಳಬೇಕು. ಇಂಥ ಸಂಸ್ಥೆಯ ನಿಜವಾದ ಬಂಡವಾಳ ಇರೋದು ಭಾನುವಾರ ಬಂದು ಸ್ಪ್ಯಾನರ್ ಹಿಡಿಯೋ ಜನರಲ್ಲಿ. ಲಾರಿಗೆ ಹೇರಿದ ಸಾಮಾನಿನ ಜೊತೆ ಅವರು ಬರಲ್ಲ. ಮಿಡ್‌ಲ್ಯಾಂಡ್, ಹಾರ್ಲಿಂಜನ್ ಕಡೆ ಇದ್ದವರು ಇಲ್ಲಿದ್ದರೆ ದಯವಿಟ್ಟು ಬರೀರಿ.

ಪರ್ಮಿಯನ್_ಪಾಟೀಲ (ಹಿಂದೆ ಮಿಡ್‌ಲ್ಯಾಂಡ್, ಈಗ ಹ್ಯೂಸ್ಟನ್)

ನಾ ಆವಾಗ ಮಿಡ್‌ಲ್ಯಾಂಡ್‌ನ್ಯಾಗ ಇದ್ದೆ ರೀ. ಎಣ್ಣಿ ಬಾವಿ ಕೆಲಸ. ಆ ಊರು ಹೆಂಗದ ಅಂದ್ರ ಕಣ್ಣು ಹಾಯಿಸಿದಷ್ಟು ಬಯಲು, ನಡುನಡುವ ತಲಿ ಅಲ್ಲಾಡಿಸೋ ಪಂಪ್‌ಜ್ಯಾಕು, ಬ್ಯಾಸಗಿ ಗಾಳಿಗೆ ಧೂಳು. ಶನಿವಾರ ಬಂತಂದ್ರ ಮಕ್ಕಳನ್ನ ಎಲ್ಲಿ ಕರಕೊಂಡು ಹೋಗೂದು ಅನ್ನೂದ ದೊಡ್ಡ ಚಿಂತಿ. ಪೆಟ್ರೋಲಿಯಂ ಮ್ಯೂಸಿಯಂ ಒಂದು, ಏರ್‌ಪೋರ್ಟ್ ಬಾಜೂಕ ಸಿಎಎಫ್‌ನವರ ಮ್ಯೂಸಿಯಂ ಇನ್ನೊಂದು.

ಆ ಮ್ಯೂಸಿಯಂನ್ಯಾಗ ನೋಸ್ ಆರ್ಟ್ ಇತ್ತು. ಯುದ್ಧದಾಗ ಬಾಂಬರ್ ಮೂತಿ ಮ್ಯಾಲ ಸೈನಿಕರು ಬರಸ್ತಿದ್ದ ಚಿತ್ರ. ಯುದ್ಧ ಮುಗದ ಮ್ಯಾಲ ಅರ್ಕನ್ಸಾದ ವಾಲ್‌ನಟ್ ರಿಜ್‌ನ್ಯಾಗ ಸಾವಿರಗಟ್ಟಲೆ ವಿಮಾನ ಕರಗಸಾಕ ನಿಂತಾಗ, ಅಲ್ಲಿದ್ದವ್ರು ಈ ಚಿತ್ರ ಇದ್ದ ತಗಡು ಅಷ್ಟೇ ಕೊಡ್ಲಿಲೆ ಕಡದು ತಗದು ಇಟ್ಟಿದ್ರು. ಹತ್ರ ಹೋಗಿ ನೋಡಿದ್ರ ಅಂಚು ಚೂಪ್ ಚೂಪ್ ಮಡಚಿಕೊಂಡದ, ಬಣ್ಣದ ಅಡಿಗೆ ರಿವೆಟ್ ಸಾಲು ಕಾಣಸ್ತದ. ನನ್ನ ಮಗಳು ಅಲ್ಲಿಂದ ಕಾಲ ತಗೀತಿರ್ಲಿಲ್ಲ.

ಊರಿನ ಮಂದಿಗೆ ಬ್ಯಾಸರ ಆಗಿದ್ದು ಖರೇ. ಯಾಕಂದ್ರ ಆ ಏರ್‌ಪೋರ್ಟ್ ಯುದ್ಧದ ಕಾಲಕ್ಕ ಮಿಡ್‌ಲ್ಯಾಂಡ್ ಆರ್ಮಿ ಏರ್ ಫೀಲ್ಡ್ ಆಗಿತ್ತು, ಬಾಂಬರ್ಡಿಯರ್ ತರಬೇತಿ ಶಾಲಿ. ಗುರಿ ಹಿಡದು ಬಾಂಬ್ ಇಳಸೂದು ಕಲಿಸೂದು ಅಲ್ಲೇ. ಮುದುಕರು ಅದನ್ನ ನೆನಪಿಟ್ಟಿದ್ರು. 1991ರಾಗ ಸಿಎಎಫ್ ಬಂದಾಗ ತಮ್ಮ ಊರಿನ ಹಳೇ ಗುರುತು ಹೊಳ್ಳಿ ಬಂತು ಅಂತ ಅವ್ರಿಗನಸಿತ್ತು. ಅದು ಹೋದಾಗ 'ಆಫೀಸ್ ಹೋತು' ಅಂತ ಯಾರೂ ಅನ್ಲಿಲ್ಲ, 'ವಿಮಾನ ಹೋದ್ವು' ಅಂದ್ರು.

ಹಳೇರೆಕ್ಕೆ

ಪಾಟೀಲ್ರೇ, ವಿಮಾನಗಳೆಲ್ಲಾ ಹೋಗಲಿಲ್ಲ ಅಲ್ವಾ? ಹೈ ಸ್ಕೈ ವಿಂಗ್ ಅಲ್ಲೇ ಉಳೀತು.

ಪರ್ಮಿಯನ್_ಪಾಟೀಲ

ಉಳದದ ರೀ, ಅದನ್ನ ಹೇಳಬೇಕು. ಗೊತ್ತಿಲ್ಲದವರಿಗೆ: ಸಿಎಎಫ್ ಅಂದ್ರ ಒಂದ ಕಟ್ಟಡ ಅಲ್ಲ. ನೂರೈವತ್ತಕ್ಕಿಂತ ಹೆಚ್ಚು ವಿಮಾನ ಅದಾವ, ಅವು ದೇಶದ ತುಂಬ ಹರಡ್ಯಾವ. ಒಂದೊಂದು ಊರಾಗ ಒಂದೊಂದು ಘಟಕ. ವಿಂಗ್, ಸ್ಕ್ವಾಡ್ರನ್, ಡಿಟ್ಯಾಚ್‌ಮೆಂಟ್ ಅಂತ ಹೆಸರು. ವಿಮಾನ ಸಂಸ್ಥೆಯ ಹೆಸರಿನ್ಯಾಗ, ಆದ್ರ ಅದರ ಎಣ್ಣಿ, ಟಯರು, ಎಂಜಿನ್ ರೊಕ್ಕ ಆ ಘಟಕದವ್ರ ಕೂಡಸಬೇಕು. ಸದಸ್ಯರಿಗೆಲ್ಲಾ 'ಕರ್ನಲ್' ಅನ್ನೂದು ಮೊದಲಿಂದ ಬಂದ ಪದ್ಧತಿ.

ಹಿಂಗಾಗಿ ಕೇಂದ್ರ ಕಚೇರಿ ಹೋದ್ರೂ ಹೈ ಸ್ಕೈ ವಿಂಗ್‌ನ ಕರ್ನಲ್‌ಗಳು ಅಲ್ಲೇ ಉಳದ್ರು, ತಮ್ಮ ಹ್ಯಾಂಗರ್‌ನ್ಯಾಗ ಮಿಡ್‌ಲ್ಯಾಂಡ್ ಆರ್ಮಿ ಏರ್ ಫೀಲ್ಡ್ ಹೆಸರಿನ ಮ್ಯೂಸಿಯಂ ಮಾಡ್ಯಾರ. ನನಗ ಅದು ಭಾಳ ದೊಡ್ಡ ಮಾತು. ದೊಡ್ಡ ಸಂಸ್ಥೆ ಹೋದ ಮ್ಯಾಲ ಉಳದ ಸಣ್ಣ ಗುಂಪು ತನ್ನ ಊರಿನ ಕಥಿನ ಮುಂದಿಟ್ಟಿತು.

ಇನ್ನೊಂದು ಹೇಳ್ತೀನಿ. ಅದ 2014ರ ಸೆಪ್ಟೆಂಬರ್‌ಗೆ ಮಿಡ್‌ಲ್ಯಾಂಡ್ ಏರ್‌ಪೋರ್ಟ್‌ಗೆ ಬಾಹ್ಯಾಕಾಶ ಬಂದರು ಅಂತ ಲೈಸೆನ್ಸ್ ಸಿಕ್ತು. ಎಕ್ಸ್‌ಕೋರ್ ಅನ್ನೋ ರಾಕೆಟ್ ಕಂಪನಿ ಕ್ಯಾಲಿಫೋರ್ನಿಯಾ ಬಿಟ್ಟು ಇಲ್ಲಿಗೆ ಬರ್ತದ ಅಂತ ಊರೆಲ್ಲಾ ಖುಷಿ. ಹಳೇ ವಿಮಾನ ಹೋದ್ರ ಹೋಗಲಿ, ರಾಕೆಟ್ ಬರ್ತದಲ್ಲ ಅಂದವರಿದ್ರು. ವರ್ಷದ ಕೊನಿಗೆ ಎಣ್ಣಿ ರೇಟ್ ಬಿತ್ತು. 2017ರ ನವೆಂಬರ್‌ಗೆ ಆ ಕಂಪನಿ ದಿವಾಳಿ ತಗೀತು. ಹ್ಯಾಂಗರ್‌ನ್ಯಾಗ ಕೊನಿಗೂ ಉಳದವ್ರು ಹೈ ಸ್ಕೈ ವಿಂಗ್‌ನ ಮುದುಕ್ರ.

ವ್ಯಾಲಿ_ಡಾಕ್ಟ್ರು (ಮೆಕ್ಯಾಲೆನ್)

ಎಲ್ಲರೂ ಮಿಡ್‌ಲ್ಯಾಂಡ್‌ಗೆ ಮರುಗುತ್ತಿದ್ದೀರಿ, ಹಾರ್ಲಿಂಜನ್ ಪರವಾಗಿಯೂ ಒಬ್ಬರು ಮಾತಾಡಬೇಕಲ್ಲ. ನಾನು ಈ ಭಾಗದಲ್ಲಿ ವೈದ್ಯ. ನನ್ನ ವಯಸ್ಸಾದ ರೋಗಿಗಳಲ್ಲಿ ಹಾರ್ಲಿಂಜನ್‌ನವರು ಇಂದಿಗೂ ಅಕ್ಟೋಬರ್ ಬಂದರೆ 'ಏರ್‌ಶೋ' ಎನ್ನುತ್ತಾರೆ. ಆ ಊರಿನ ಹಿನ್ನೆಲೆ ತಿಳಿದರೆ ಅದರ ತೂಕ ಗೊತ್ತಾಗುತ್ತದೆ.

ಹಾರ್ಲಿಂಜನ್‌ನಲ್ಲಿ ಯುದ್ಧಕಾಲದಲ್ಲಿ ವಿಮಾನದಿಂದ ಗುಂಡು ಹಾರಿಸುವುದನ್ನು ಕಲಿಸುವ ಗನ್ನರಿ ಶಾಲೆ ಇತ್ತು. ಆಮೇಲೆ ವಾಯುಸೇನೆಯ ನೆಲೆಯಾಯಿತು. 1962ರಲ್ಲಿ ಅದನ್ನು ಮುಚ್ಚಿದರು. ಸೇನಾ ನೆಲೆಯನ್ನೇ ನಂಬಿದ್ದ ಊರಿನಲ್ಲಿ ಬಾಡಿಗೆ ಮನೆ, ಅಂಗಡಿ, ಶಾಲೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಆ ಖಾಲಿ ಜಾಗದ ಒಂದು ಭಾಗದಲ್ಲಿ 1965ರಲ್ಲಿ ಮರೀನ್ ಮಿಲಿಟರಿ ಅಕಾಡೆಮಿ ಬಂತು, 1968ರಲ್ಲಿ ಸಿಎಎಫ್ ಬಂತು. ಬಿಕೋ ಎನ್ನುತ್ತಿದ್ದ ರನ್‌ವೇ ಮೇಲೆ ಮತ್ತೆ ಎಂಜಿನ್ ಸದ್ದು. 1971ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಚೈನಾ ಲೇಕ್ ಮರುಭೂಮಿಯಲ್ಲಿ ಬಿದ್ದಿದ್ದ ಬಿ-29 ಅನ್ನು ದುರಸ್ತಿ ಮಾಡಿ ಹಾರಿಸಿಕೊಂಡು ಬಂದಿದ್ದು ಹಾರ್ಲಿಂಜನ್‌ಗೇ. ಈಗ ಡಲ್ಲಾಸ್‌ನಲ್ಲಿ ನೀವು ನೋಡುವ ಫಿಫಿ ಅದೇ ವಿಮಾನ.

ಇಪ್ಪತ್ಮೂರು ವರ್ಷ ಆದ ಮೇಲೆ ಹೊರಟರು. ಈ ಊರಿಗೆ ಎರಡನೇ ಸಲ ಆದ ಅನುಭವ ಅದು. ಮೊದಲು ಸರ್ಕಾರ ಬಿಟ್ಟು ಹೋಯಿತು, ಆಮೇಲೆ ತಾವೇ ಕೈಹಿಡಿದು ಬೆಳೆಸಿದವರು ಬಿಟ್ಟು ಹೋದರು. ನಮ್ಮ ರಿಯೋ ಗ್ರಾಂಡ್ ಕಣಿವೆ ಬಡವರ ಪ್ರದೇಶ. ದೊಡ್ಡ ನಗರದವರ ದುಡ್ಡಿನ ಆಮಿಷದ ಎದುರು ನಿಲ್ಲುವ ಶಕ್ತಿ ಇಲ್ಲಿಯವರಿಗೆ ಇರಲಿಲ್ಲ. ಬ್ರೌನ್ಸ್‌ವಿಲ್‌ನಲ್ಲಿ ರಿಯೋ ಗ್ರಾಂಡ್ ವ್ಯಾಲಿ ವಿಂಗ್ ಎಂಬ ಘಟಕ ಮ್ಯೂಸಿಯಂ ನಡೆಸಿತು, ನಿಜ. ಆದರೆ ಸಂಸ್ಥೆ ಹುಟ್ಟಿದ ನೆಲಕ್ಕೆ ಅಷ್ಟು ಸಾಲದು.

ಎಚ್‌ಎಎಲ್_ಹಳಬ (ಬೆಂಗಳೂರು)

ಡಾಕ್ಟರ್ ಸಾಹೇಬರ ನೋವು ಅರ್ಥವಾಗುತ್ತದೆ. ಆದರೆ ವಿಮಾನದ ದೃಷ್ಟಿಯಿಂದ ಒಂದು ಮಾತು ಸೇರಿಸಲು ಅನುಮತಿ ಕೊಡಿ. ನಾನು ಏರ್‌ಫ್ರೇಮ್ ದುರಸ್ತಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು.

ಹಾರ್ಲಿಂಜನ್ ಸಮುದ್ರಕ್ಕೆ ಹತ್ತಿರ. ಉಪ್ಪು ಬೆರೆತ ತೇವದ ಗಾಳಿ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ದೊಡ್ಡ ವೈರಿ. ಮೊದಲು ರಿವೆಟ್ ತಲೆಯ ಸುತ್ತ ಬಿಳಿ ಪುಡಿ ಕಾಣಿಸುತ್ತದೆ. ಒರೆಸಿದರೆ ಹೋಗುತ್ತದೆ, ಹೊರಗಿನವರು ಧೂಳು ಎಂದುಕೊಳ್ಳುತ್ತಾರೆ. ಒಳಗೆ ಲೋಹ ಪದರ ಪದರವಾಗಿ ಬಿಟ್ಟುಕೊಳ್ಳಲು ಶುರುವಾಗಿರುತ್ತದೆ. ಬೆರಳಲ್ಲಿ ತಟ್ಟಿದರೆ ಗಟ್ಟಿ ತಗಡಿನ ಟಣ್ ಶಬ್ದ ಬರುವುದಿಲ್ಲ, ಮಂದ ಶಬ್ದ ಬರುತ್ತದೆ. ರೆಕ್ಕೆಯ ಭಾರ ಹೊರುವ ಮುಖ್ಯ ತೊಲೆಯಾದ ಸ್ಪಾರ್‌ನಲ್ಲಿ ಇದಾದರೆ ವಿಮಾನ ನೆಲಕ್ಕೇ. 1940ರ ದಶಕದಲ್ಲಿ ಈ ವಿಮಾನಗಳನ್ನು ಕಟ್ಟಿದವರು ಇವು ಎಂಬತ್ತು ವರ್ಷ ಬಾಳಬೇಕು ಎಂದು ಕಟ್ಟಿದ್ದಲ್ಲ. ಹಾಗಾಗಿ ಒಣ ಹವೆಯ ಮಿಡ್‌ಲ್ಯಾಂಡ್‌ಗೆ ಹೋಗಿದ್ದು ವಿಮಾನಗಳ ಆಯುಷ್ಯಕ್ಕೆ ಒಳ್ಳೆಯದೇ ಆಯಿತು. ಆರೆಗಾನ್ ರಾಜ್ಯದಲ್ಲೂ ಇದೇ ಆಗಿದೆ. ಟಿಲಮೂಕ್ ಎಂಬ ಕರಾವಳಿ ಊರಿನ ಬೃಹತ್ ಮರದ ಹ್ಯಾಂಗರ್‌ನಲ್ಲಿದ್ದ ಎರಿಕ್ಸನ್ ಸಂಗ್ರಹವನ್ನು 2014ರಲ್ಲಿ ಒಳನಾಡಿನ ಮದ್ರಾಸ್ ಎಂಬ ಊರಿಗೆ ಸಾಗಿಸಿದರು. ಹೌದು, ಅಲ್ಲೂ ಒಂದು ಮದ್ರಾಸ್ ಇದೆ. ಟಿಲಮೂಕ್‌ನವರು ಹ್ಯಾಂಗರನ್ನು ಉಳಿಸಿಕೊಂಡು ಮ್ಯೂಸಿಯಂ ಮುಂದುವರಿಸಿದ್ದಾರೆ.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಲಿಬರೇಟರ್‌ಗಳ ನೆನಪಾಗದೆ ಇರದು. 1943ರಿಂದ ನಮ್ಮ ಕಾರ್ಖಾನೆ ಅಮೆರಿಕನ್ ಸೇನೆಯ 84ನೇ ಏರ್ ಡಿಪೋ ಆಗಿತ್ತು. ಯುದ್ಧ ಮುಗಿದ ಮೇಲೆ ಬಿ-24 ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ, ಮತ್ತೆ ಬಳಕೆಗೆ ಬಾರದಂತೆ ಹಾಳುಮಾಡಿ ಬಿಟ್ಟು ಹೋಗಿದ್ದರು. ಬೆಂಗಳೂರಿನವರು ಅಲ್ಲಿಗೇ ಹೋಗಿ, ಹಾರುವಷ್ಟು ಮಟ್ಟಿಗೆ ಜೋಡಿಸಿ, ಟೆಸ್ಟ್ ಪೈಲಟ್ ಜಿಮ್ಮಿ ಮುನ್ಷಿ ಅವರು ಹಾರಿಸಿಕೊಂಡು ಬರುತ್ತಿದ್ದರು. ಇಲ್ಲಿ ಪೂರ್ತಿ ದುರಸ್ತಿಯಾಗಿ ವಾಯುಪಡೆ ಸೇರಿ 1968ರವರೆಗೂ ಅವು ಸೇವೆಯಲ್ಲಿದ್ದವು. ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ, ಅರಿಜೋನಾದ ಪೀಮಾದಲ್ಲಿ ಇಂದು ನಿಂತಿರುವ ಲಿಬರೇಟರ್‌ಗಳು ಭಾರತದಿಂದ ಹೋದವು. ನಮ್ಮ ಹಿರಿಯರ ಕೈ ಕೆಲಸ ಅಲ್ಲಿದೆ, ಆ ಕೈಗಳ ಹೆಸರು ಯಾವ ಫಲಕದಲ್ಲೂ ಇಲ್ಲ. ಊರು ಬದಲಾದಾಗ ಕಳೆದುಹೋಗುವುದು ಇದೇ: ಯಾರು ಏನು ಮಾಡಿದರು ಎನ್ನುವ ಬಾಯಿಮಾತಿನ ಇತಿಹಾಸ.

ವ್ಯಾಲಿ_ಡಾಕ್ಟ್ರು

ಸರ್, ತುಕ್ಕಿನ ವಿಷಯ ಒಪ್ಪುತ್ತೇನೆ. ವೈದ್ಯನಾಗಿ ಒಪ್ಪಲೇಬೇಕು, ರೋಗಿಗೆ ಹವೆ ಒಗ್ಗದಿದ್ದರೆ ಜಾಗ ಬದಲಿಸಿ ಎಂದು ನಾವೇ ಹೇಳುತ್ತೇವೆ. ಹೆಸರಿನ ಫಲಕದ ಬಗ್ಗೆ ನೀವು ಹೇಳಿದ್ದು ಹಾರ್ಲಿಂಜನ್‌ಗೂ ಹಾಗೇ ಅನ್ವಯಿಸುತ್ತದೆ.

ನೇರಮಾತು (ಮೈಸೂರು)

ನನ್ನದೊಂದು ನೇರ ಪ್ರಶ್ನೆ. ಇದು ಯುದ್ಧವನ್ನ ವೈಭವೀಕರಿಸೋ ಸಂಸ್ಥೆ ಅಲ್ವಾ? ಮೊದಲು ಇದರ ಹೆಸರು 'ಕಾನ್ಫೆಡರೇಟ್ ಏರ್ ಫೋರ್ಸ್' ಅಂತ ಇತ್ತು. ಗುಲಾಮಗಿರಿ ಉಳಿಸೋಕೆ ಹೋರಾಡಿದವರ ಹೆಸರು. ಅಂಥದ್ದು ಕಪ್ಪು ಜನ ಹೆಚ್ಚಿರೋ ದಕ್ಷಿಣ ಡಲ್ಲಾಸ್‌ಗೆ ಬಂದು ಕೂತರೆ ಅಲ್ಲಿನವರಿಗೆ ಹೇಗನ್ನಿಸಬೇಡ? ಅದರ ಮೇಲೆ 2022ರಲ್ಲಿ ಅವರ ಏರ್‌ಶೋ ಅಪಘಾತದಲ್ಲಿ ಆರು ಜನ ಸತ್ತರು. ಮ್ಯೂಸಿಯಂನಲ್ಲಿ ನಿಲ್ಲಿಸಿ ತೋರಿಸಿದ್ರೆ ಸಾಲದಾ, ಹಾರಿಸಲೇಬೇಕಾ?

ಹಳೇರೆಕ್ಕೆ

ಹೆಸರಿನ ಬಗ್ಗೆ ಮೊದಲು. ಆ ಮೊದಲ ಮಸ್ಟಾಂಗ್ ಮೈಮೇಲೆ ಯಾರೋ ತಮಾಷೆಗೆ ಆ ಹೆಸರು ಬರೆದ್ರು, ಅದೇ ನಿಂತುಬಿಡ್ತು ಅಂತ ಸಂಸ್ಥೆಯವರು ಹೇಳ್ತಾರೆ. ತಮಾಷೆ ಆಗಿದ್ರೂ ನೋವು ಕೊಡೋ ಹೆಸರೇ. ಸದಸ್ಯರು ಮತ ಹಾಕಿ 2002ರಿಂದ ಕಮೆಮೊರೇಟಿವ್ ಅಂತ ಬದಲಿಸಿದ್ರು. ತುಂಬಾ ತಡವಾಗಿ ಮಾಡಿದ ಸರಿಯಾದ ಕೆಲಸ ಅಂತ ನನ್ನ ಭಾವನೆ. ಹಳೇ ಹೆಸರಲ್ಲೇ ಇದ್ದಿದ್ರೆ ಡಲ್ಲಾಸ್ ಬಾಗಿಲು ತೆರೀತಿರಲಿಲ್ಲ, ತೆರೀಬಾರದಿತ್ತು ಕೂಡ.

ಇನ್ನು ಟಸ್ಕೀಗೀ ಏರ್‌ಮೆನ್ ವಿಚಾರ. ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಪೈಲಟ್‌ಗಳು ಅವರು, ಬಾಲಕ್ಕೆ ಕೆಂಪು ಬಳಿದ ಮಸ್ಟಾಂಗ್ ಹಾರಿಸಿದವರು. ಸೈನ್ಯದೊಳಗೇ ಪ್ರತ್ಯೇಕ ಇಟ್ಟಿದ್ದ ಕಾಲದಲ್ಲಿ ದೇಶಕ್ಕಾಗಿ ಹಾರಿದವರು. ಸಿಎಎಫ್ ಹತ್ತಿರ ಅವರ ನೆನಪಿಗೆ ಅಂತಲೇ ಕೆಂಪು ಬಾಲದ ಪಿ-51ಸಿ ಇದೆ, ಅದರ ಜೊತೆ ಶಾಲಾ ಮಕ್ಕಳಿಗೆ ಚಿತ್ರ ತೋರಿಸೋ ಸಂಚಾರಿ ಪ್ರದರ್ಶನ ಇದೆ. ಯುದ್ಧಕಾಲದಲ್ಲಿ ವಿಮಾನ ಹಾರಿಸಿದ ಮಹಿಳೆಯರ ಬಗ್ಗೆಯೂ ಇದೆ. ಇದನ್ನ ವೈಭವೀಕರಣ ಅಂತ ನಾನು ಒಪ್ಪಲ್ಲ.

ಅಪಘಾತದ ಬಗ್ಗೆ ನೀಲಾಂಬರಿ ಅವರು ಬರೀತಾರೆ ಅನ್ಕೊಂಡಿದ್ದೀನಿ. ಅವರು ಆ ಏರ್‌ಪೋರ್ಟ್ ಹತ್ತಿರವೇ ಇರೋರು.

ನೀಲಾಂಬರಿ (ಡಂಕನ್‌ವಿಲ್)

ಬರೀತೀನಿ. ಸುಲಭ ಅಲ್ಲ.

ಮೊದಲು ನಮ್ಮ ಭಾಗದ ಬಗ್ಗೆ. ಡಲ್ಲಾಸ್ ಎಕ್ಸಿಕ್ಯುಟಿವ್ ಅನ್ನೋದು ಹೊಸ ಹೆಸರು, ಹಳಬರಿಗೆ ಅದು ಇನ್ನೂ ರೆಡ್‌ಬರ್ಡ್ ಏರ್‌ಪೋರ್ಟೇ. ಪ್ಲೇನೋ, ಫ್ರಿಸ್ಕೋ ಕಡೆ ಇರೋ ನಮ್ಮವರು ಈ ಕಡೆ ತಲೆ ಹಾಕೋದೇ ಇಲ್ಲ. ಕಂಪನಿಗಳು, ಒಳ್ಳೇ ಅಂಗಡಿಗಳು ಎಲ್ಲಾ ಉತ್ತರಕ್ಕೇ ಹೋದ್ವು. ರೆಡ್‌ಬರ್ಡ್ ಮಾಲ್ ವರ್ಷಗಟ್ಟಲೆ ಬಿಕೋ ಅಂತಿತ್ತು. ಹಾಗಾಗಿ 2014ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ದಕ್ಷಿಣಕ್ಕೆ ಬರುತ್ತೆ ಅಂದಾಗ ನಮ್ಮ ರಸ್ತೆಯ ಹಿರಿಯರು ಖುಷಿಪಟ್ಟಿದ್ದು ವಿಮಾನದ ಮೇಲಿನ ಪ್ರೀತಿಗೆ ಮಾತ್ರ ಅಲ್ಲ. 'ಕೊನೆಗೂ ಯಾರೋ ನಮ್ಮ ಕಡೆ ಬಂದ್ರು' ಅನ್ನೋ ಸಮಾಧಾನ ಅದು. ಸದ್ದಿನ ಬಗ್ಗೆ ಗೊಣಗಾಟವೂ ಇತ್ತು, ಇಲ್ಲ ಅನ್ನಲ್ಲ. 2021ರಲ್ಲಿ ಹೆನ್ರಿ ಬಿ. ಟಿಪ್ಪಿ ಹೆಸರಿನ ವಿಮಾನಯಾನ ಶಿಕ್ಷಣ ಕೇಂದ್ರ ತೆರೆದಾಗ ಅದು ನಿಜಕ್ಕೂ ನಮ್ಮ ಮಕ್ಕಳಿಗೆ ಸಿಕ್ಕಿದ್ದು. ಪೈಲಟ್, ಮೆಕ್ಯಾನಿಕ್, ಏರ್ ಟ್ರಾಫಿಕ್ ಕಂಟ್ರೋಲರ್ ಅನ್ನೋ ಕೆಲಸಗಳಿವೆ, ಅದಕ್ಕೆ ತಾವೂ ಹೋಗಬಹುದು ಅಂತ ನಮ್ಮ ಪಕ್ಕದ ಮನೆ ಹುಡುಗನಿಗೆ ಗೊತ್ತಾಗಿದ್ದೇ ಅಲ್ಲಿ.

2022ರ ನವೆಂಬರ್ 12. ವಿಂಗ್ಸ್ ಓವರ್ ಡಲ್ಲಾಸ್ ಏರ್‌ಶೋ. ಹ್ಯೂಸ್ಟನ್ ಕಡೆಯ ಘಟಕದ ಬಿ-17 ಬಾಂಬರ್ 'ಟೆಕ್ಸಾಸ್ ರೇಡರ್ಸ್' ಮತ್ತು ಒಂದು ಪಿ-63 ಕಿಂಗ್‌ಕೋಬ್ರಾ ಫೈಟರ್ ಗಾಳಿಯಲ್ಲೇ ಡಿಕ್ಕಿ ಹೊಡೆದ್ವು. ಬಿ-17ರಲ್ಲಿದ್ದ ಐವರು, ಕಿಂಗ್‌ಕೋಬ್ರಾದ ಪೈಲಟ್, ಆರೂ ಜನ ಹೋದ್ರು. ನೆಲದ ಮೇಲೆ ಯಾರಿಗೂ ಏನೂ ಆಗಲಿಲ್ಲ. ಆವತ್ತು ಸಂಜೆ ನಮ್ಮ ಬೀದಿಯಲ್ಲಿ ಮಕ್ಕಳು ಆಚೆ ಬರಲಿಲ್ಲ. ನಾನು ನರ್ಸ್, ಸಾವು ನೋಡಿದವಳು. ಆದರೂ ಆ ವಿಡಿಯೋ ಎರಡನೇ ಸಲ ನೋಡೋಕೆ ಇವತ್ತಿಗೂ ಆಗಿಲ್ಲ.

ನೇರಮಾತು ಅವರು ಕೇಳಿದ್ರಲ್ಲ, ಹಾರಿಸಲೇಬೇಕಾ ಅಂತ. ತನಿಖಾ ವರದಿ ಹೇಳಿದ್ದು ಹಳೇ ವಿಮಾನ ಕೆಟ್ಟಿತು ಅಂತ ಅಲ್ಲ. ಫೈಟರ್‌ಗಳ ಗುಂಪು, ಬಾಂಬರ್‌ಗಳ ಗುಂಪು ಎದುರುಬದುರಾಗದ ಹಾಗೆ ಎತ್ತರದಲ್ಲಿ ಎಷ್ಟು ಅಂತರ ಇರಬೇಕು ಅಂತ ಮೊದಲೇ ಯೋಜನೆ ಹಾಕಿರಲಿಲ್ಲ. ಆಯಾ ಕ್ಷಣಕ್ಕೆ ರೇಡಿಯೋದಲ್ಲಿ ಹೇಳಿದ್ದನ್ನ ನಂಬಿದ್ರು, ಪೈಲಟ್‌ಗಳು ಕಣ್ಣಲ್ಲಿ ನೋಡಿ ತಪ್ಪಿಸಿಕೊಳ್ತಾರೆ ಅಂದ್ಕೊಂಡ್ರು. ಅಂದ್ರೆ ಇದು ತಪ್ಪಿಸಬಹುದಾಗಿದ್ದ ಸಾವು. ಅದಕ್ಕೇ ನನಗೆ ಇನ್ನೂ ಸಿಟ್ಟಿದೆ. ವಸತಿ ಪ್ರದೇಶದ ಮಧ್ಯೆ ಇರೋ ಏರ್‌ಪೋರ್ಟ್‌ಗೆ ಬಂದ ಸಂಸ್ಥೆ, ಬಯಲಲ್ಲಿ ಇದ್ದಾಗಿನದಕ್ಕಿಂತ ಹತ್ತು ಪಟ್ಟು ಎಚ್ಚರ ಇಟ್ಕೋಬೇಕು. ನೆರೆಯವರಾಗಿ ನಾವು ಕೇಳೋ ಹಕ್ಕಿರೋದು ಅದನ್ನೇ.

ಹಾಗಂತ ಅವರು ಇಲ್ಲಿಂದ ಹೋಗಲಿ ಅಂತ ನಾನು ಹೇಳಲ್ಲ. ಅಪಘಾತ ಆದ ಮೇಲೆ ಬೇಲಿ ಹತ್ತಿರ ಹೂವು ಇಟ್ಟವರಲ್ಲಿ ನಮ್ಮ ಬೀದಿಯವರೂ ಇದ್ದರು.

ನೇರಮಾತು

ನೀಲಾಂಬರಿ ಅಕ್ಕ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ನಿಲ್ಲಿಸಿ ತೋರಿಸೋದೇ ಸರಿ ಅನ್ನೋದು ಈಗಲೂ ನನ್ನ ನಿಲುವು. ಆದರೆ ಊರಿನವರಿಗೂ ಸಂಸ್ಥೆಗೂ ಇರೋ ಸಂಬಂಧ ನಾನು ಅಂದುಕೊಂಡಿದ್ದಕ್ಕಿಂತ ಆಳವಾಗಿದೆ.

ಓಶ್‌ಕೋಶ್_ಯಾತ್ರಿ (ಮಿಲ್ವಾಕಿ)

ಹಾರಿಸಬೇಕಾ ಅನ್ನೋದಕ್ಕೆ ನನ್ನ ಉತ್ತರ ಕೊಡ್ತೀನಿ, ಆಮೇಲೆ ಸ್ಥಳಾಂತರಕ್ಕೆ ಬರ್ತೀನಿ.

ದೊಡ್ಡ ರೇಡಿಯಲ್ ಎಂಜಿನ್, ಅಂದ್ರೆ ಸಿಲಿಂಡರ್‌ಗಳನ್ನ ಚಕ್ರದ ಹಾಗೆ ಸುತ್ತ ಜೋಡಿಸಿರೋ ಎಂಜಿನ್, ಸ್ಟಾರ್ಟ್ ಮಾಡೋದನ್ನ ಹತ್ತಿರದಿಂದ ನೋಡಿದ್ದೀರಾ? ರಾತ್ರಿಯೆಲ್ಲಾ ನಿಂತ ಎಂಜಿನ್‌ನಲ್ಲಿ ಆಯಿಲ್ ಜಿನುಗಿ ಕೆಳಗಿನ ಸಿಲಿಂಡರ್‌ಗಳಲ್ಲಿ ತುಂಬಿರುತ್ತೆ. ಹಾಗೇ ಸ್ಟಾರ್ಟರ್ ಒತ್ತಿದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಅದಕ್ಕೆ ಮೊದಲು ನಾಲ್ಕಾರು ಜನ ಸಾಲಾಗಿ ನಿಂತು, ಒಬ್ಬರಾದ ಮೇಲೆ ಒಬ್ಬರು ಪ್ರೊಪೆಲ್ಲರ್ ರೆಕ್ಕೆ ಹಿಡಿದು ತಳ್ಳಿಕೊಂಡು ನಡೀತಾರೆ. ಎಲ್ಲೋ ಒಂದು ಕಡೆ ಬಿಗಿ ಅನ್ನಿಸಿದ್ರೆ ತಕ್ಷಣ ನಿಲ್ಲಿಸಬೇಕು, ಜೋರು ಮಾಡಬಾರದು. ಆ ಬಿಗಿ ಕೈಗೆ ಗೊತ್ತಾಗಬೇಕು, ಪುಸ್ತಕದಲ್ಲಿ ಓದಿದ್ರೆ ಆಗಲ್ಲ. ಹಾರದ ವಿಮಾನಕ್ಕೆ ಇದನ್ನ ಯಾರೂ ಮಾಡಲ್ಲ. ಮಾಡದಿದ್ರೆ ಒಂದು ತಲೆಮಾರಿನಲ್ಲಿ ಮರೆತೇ ಹೋಗುತ್ತೆ. ಫಿಫಿ ಎಂಜಿನ್ ತೊಂದರೆಯಿಂದ 2006ರಲ್ಲಿ ನೆಲಕ್ಕಿಳಿದಾಗ, ಬೇರೆ ಬೇರೆ ಮಾದರಿಯ ಭಾಗ ಸೇರಿಸಿ ಹೊಸದಾಗಿ ಎಂಜಿನ್ ಕಟ್ಟಿಸಿ 2010ರಲ್ಲಿ ಮತ್ತೆ ಹಾರಿಸಿದ್ರು. 2016ರಲ್ಲಿ ವಿಚಿಟಾದ 'ಡಾಕ್' ಹಾರೋವರೆಗೂ ಜಗತ್ತಿನಲ್ಲಿ ಹಾರ್ತಿದ್ದ ಬಿ-29 ಅದೊಂದೇ.

ಈಗ ಸ್ಥಳಾಂತರ. ಇಎಎ, ಅಂದ್ರೆ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಅನ್ನೋ ಹವ್ಯಾಸಿ ವಿಮಾನಪ್ರಿಯರ ಸಂಘ, 1953ರಲ್ಲಿ ನಮ್ಮ ಮಿಲ್ವಾಕಿಯಲ್ಲಿ ಹುಟ್ಟಿದ್ದು. ಪಾಲ್ ಪೊಬೆರೆಜ್ನಿ ಅವರ ಮನೆಯ ನೆಲಮಾಳಿಗೆಯೇ ಮೊದಮೊದಲ ಕಚೇರಿ. ವಾರ್ಷಿಕ ಮೇಳ ಮೊದಲು ಮಿಲ್ವಾಕಿಯಲ್ಲಿ, ಆಮೇಲೆ ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿ, 1970ರಿಂದ ಓಶ್‌ಕೋಶ್‌ನಲ್ಲಿ. ಕಚೇರಿ, ಮ್ಯೂಸಿಯಂ ಓಶ್‌ಕೋಶ್‌ಗೆ ಹೋಗಿದ್ದು ಅದಾಗಿ ಹದಿಮೂರು ವರ್ಷಕ್ಕೆ, 1983ರಲ್ಲಿ. ಮೇಳ ಮೊದಲು ಹೋಯ್ತು, ಆ ಊರಿನವರು ತಮ್ಮ ಮನೆ ಕೋಣೆ ಬಾಡಿಗೆಗೆ ಕೊಟ್ಟು, ವಾಲಂಟಿಯರ್‌ಗಳಾಗಿ ನಿಂತು, ಸಂಸ್ಥೆಯನ್ನ ತಮ್ಮದು ಮಾಡ್ಕೊಂಡ್ರು. ಕಚೇರಿ ಆಮೇಲೆ ಬಂತು. ಸಿಎಎಫ್‌ನವರು ಪ್ರತಿ ಸಲ ಕಚೇರಿಯನ್ನ ಮೊದಲು ಎತ್ತಿದ್ರು. ಅದೇ ವ್ಯತ್ಯಾಸ ಅಂತ ನನ್ನ ಅನಿಸಿಕೆ.

ಪರ್ಮಿಯನ್_ಪಾಟೀಲ

ಯಾತ್ರಿ ಅವರ ಮಾತು ಮನಸಿಗೆ ಹತ್ತಿತು. ಆದ್ರ ಓಶ್‌ಕೋಶ್ ಮಿಲ್ವಾಕಿಯಿಂದ ತಾಸು ದೀಡ ತಾಸಿನ ದಾರಿ. ಹಳೇ ಮಂದಿ ಕಾರ್ ಹತ್ತಿ ಹೋಗಬಹುದು. ಮಿಡ್‌ಲ್ಯಾಂಡ್‌ದಿಂದ ಡಲ್ಲಾಸ್ ಐನೂರು ಕಿಲೋಮೀಟರ್ ಮ್ಯಾಲ. ಎಂಬತ್ತರ ಮುದುಕ ಮೆಕ್ಯಾನಿಕ್ ಭಾನುವಾರ ಹೋಗಿ ಬರೂದು ಆಗದ ಮಾತು. ಹಾರ್ಲಿಂಜನ್‌ದಿಂದ ಮಿಡ್‌ಲ್ಯಾಂಡ್ ಅಂತೂ ಇನ್ನೂ ದೂರ.

ನೇರಮಾತು

ನಮ್ಮ ಕಡೆ ಏರೋ ಇಂಡಿಯಾ ವಿಷಯ ನೆನಪಾಯ್ತು. 1996ರಿಂದ ಯಲಹಂಕದಲ್ಲಿ ನಡೀತಿರೋದನ್ನ 2018ರಲ್ಲಿ ಲಕ್ನೋಗೆ ಎತ್ಕೊಂಡು ಹೋಗ್ತಾರೆ ಅಂತ ಸುದ್ದಿ ಬಂದಾಗ ಎಷ್ಟು ಗಲಾಟೆ ಆಯ್ತು. ಕೊನೆಗೆ ಇಲ್ಲೇ ಉಳೀತು. ಆವಾಗ ನಾನೂ ಬೆಂಗಳೂರಿನಲ್ಲೇ ಉಳೀಬೇಕು ಅಂತ ಬರೆದಿದ್ದೆ.

ಎಚ್‌ಎಎಲ್_ಹಳಬ

ಏರೋ ಇಂಡಿಯಾ ಮುಖ್ಯವಾಗಿ ವ್ಯಾಪಾರ ಮೇಳ, ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಜನ ಅದನ್ನು ತಮ್ಮದೆಂದುಕೊಂಡಿದ್ದರು ಎಂಬುದು ನಿಜ. ಅದಕ್ಕಿಂತ ನನ್ನ ಚಿಂತೆ ಜಕ್ಕೂರಿನದು. ಮಹಾರಾಜರು ಕೊಟ್ಟ ಜಾಗದಲ್ಲಿ ನಡೆಯುತ್ತಿರುವ ಸರ್ಕಾರಿ ಹಾರಾಟ ತರಬೇತಿ ಶಾಲೆಯ ಸುತ್ತ ನಗರ ಬೆಳೆದು ನಿಂತಿದೆ. ನೆಲದ ಬೆಲೆ ಏರಿದಾಗ ಮೊದಲು ಕಣ್ಣು ಬೀಳುವುದು ಇಂಥ ಹಳೆಯ ಏರ್‌ಫೀಲ್ಡ್‌ಗಳ ಮೇಲೆ.

ಹಳೇರೆಕ್ಕೆ

ಆ ಭಯ ಇಲ್ಲೂ ಇದೆ ಸರ್. ಆಡಿಸನ್‌ನಲ್ಲಿದ್ದ ಕ್ಯಾವನಾ ಫ್ಲೈಟ್ ಮ್ಯೂಸಿಯಂ ನಮ್ಮ ಮಕ್ಕಳು ಎಷ್ಟು ಸಲ ಹೋಗಿದ್ದ ಜಾಗ. 2024ರ ಜನವರಿ 1ಕ್ಕೆ ಬಾಗಿಲು ಹಾಕಿ, ಸಂಗ್ರಹವನ್ನ ಉತ್ತರಕ್ಕೆ, ಶರ್ಮನ್-ಡೆನಿಸನ್ ಕಡೆಯ ಏರ್‌ಪೋರ್ಟ್‌ಗೆ ಸಾಗಿಸೋದಾಗಿ ಹೇಳಿದ್ರು. ಒಂದು ಸಂಸ್ಥೆ ಸಣ್ಣ ಊರು ಬಿಟ್ಟು ನಗರಕ್ಕೆ ಬರುತ್ತೆ, ಇನ್ನೊಂದು ನಗರ ಬಿಟ್ಟು ಹೊರಗೆ ಹೋಗುತ್ತೆ. ನಗರದಲ್ಲಿ ಜನ ಸಿಗ್ತಾರೆ, ಜಾಗ ಸಿಗಲ್ಲ. ಸಣ್ಣ ಊರಲ್ಲಿ ಜಾಗ ಸಿಗುತ್ತೆ, ದುಡ್ಡು ಸಿಗಲ್ಲ.

ಈ ಚರ್ಚೆ ಓದ್ತಾ ನನಗೆ ಒಂದು ಮಾತು ಇನ್ನೂ ಗಟ್ಟಿಯಾಯ್ತು. ಇಂಥ ಸಂಸ್ಥೆ ಊರು ಬಿಡುವಾಗ ಒಪ್ಪಂದದಲ್ಲೇ ಬರೆಯಬೇಕು: ಆ ಊರಿನ ಇತಿಹಾಸಕ್ಕೆ ಸೇರಿದ ಒಂದಾದ್ರೂ ವಿಮಾನ ಅಲ್ಲೇ ಇರಬೇಕು, ಹ್ಯಾಂಗರ್ ಸ್ಥಳೀಯ ಘಟಕಕ್ಕೆ ಸಿಗಬೇಕು, ಹಳೇ ವಾಲಂಟಿಯರ್‌ಗಳ ಮಾತನ್ನ ಧ್ವನಿಮುದ್ರಣ ಮಾಡಿಡಬೇಕು. ಮಿಡ್‌ಲ್ಯಾಂಡ್‌ನಲ್ಲಿ ಹೈ ಸ್ಕೈ ವಿಂಗ್ ಗಟ್ಟಿಯಾಗಿ ಇದ್ದದ್ದಕ್ಕೆ ಊರಿಗೆ ಏನೋ ಉಳೀತು. ಹಾರ್ಲಿಂಜನ್‌ಗೆ ಅಷ್ಟೂ ದಕ್ಕಲಿಲ್ಲ. ಇದನ್ನ ಅದೃಷ್ಟಕ್ಕೆ ಬಿಡಬಾರದು.

ಪ್ಲೇನೋ_ಅಮ್ಮ (ಪ್ಲೇನೋ)

ಇಷ್ಟು ದಿನ ಸುಮ್ಮನೆ ಓದ್ತಿದ್ದೆ. ನಮ್ಮ ಮಗನಿಗೆ ಹದಿನಾಲ್ಕು, ಸದಾ ಎಂಜಿನ್, ಗೇರು ಅಂತಿರ್ತಾನೆ. ಇಂಥ ಕಡೆ ಕೈಕೆಲಸ ಕಲಿಯೋಕೆ ಬಿಡ್ತಾರಾ? ನಾವು ಇನ್ನೂ ವೀಸಾದಲ್ಲಿ ಇರೋರು, ಅದಕ್ಕೇನಾದ್ರೂ ತೊಂದರೆನಾ?

ನೀಲಾಂಬರಿ

ಬಿಡ್ತಾರೆ ರೀ. ಹದಿಹರೆಯದ ಮಕ್ಕಳಿಗೆ ಅಂತಲೇ ಕೆಡೆಟ್ ಸದಸ್ಯತ್ವ ಇದೆ. ವೀಸಾ ವಿಷಯ ಫೋನ್ ಮಾಡಿ ಕೇಳಿಬಿಡಿ, ಅದು ನೇರವಾಗಿ ಅವರ ಬಾಯಿಂದಲೇ ತಿಳಿಯೋದು ಒಳ್ಳೇದು. ಮೊದಲು ಒಂದು ಸಲ ಶಿಕ್ಷಣ ಕೇಂದ್ರ ನೋಡ್ಕೊಂಡು ಹೋಗಿ. ಫಿಫಿ, ಡೈಮಂಡ್ ಲಿಲ್ ಅನ್ನೋ ಇನ್ನೊಂದು ಬಾಂಬರ್ ಬೇಸಿಗೆಯಲ್ಲಿ ಊರೂರು ಸುತ್ತೋಕೆ ಹೋಗಿರ್ತಾವೆ, ಅದಕ್ಕೆ ಯಾವ ವಿಮಾನ ಮನೇಲಿದೆ ಅಂತ ಕೇಳ್ಕೊಂಡು ಬನ್ನಿ. ಶುರುವಿಗೆ ಗುಡಿಸೋದು, ಒರೆಸೋದು, ಎಂಜಿನ್ ಕೆಳಗೆ ಇಟ್ಟಿರೋ ಆಯಿಲ್ ತಟ್ಟೆ ಖಾಲಿ ಮಾಡೋದು, ಇಷ್ಟೇ ಇರುತ್ತೆ. ಮಗನಿಗೆ ಹಳೇ ಬಟ್ಟೆ ಹಾಕಿಸಿ, ಆ ಆಯಿಲ್ ಕಲೆ ಯಾವ ಸೋಪಿಗೂ ಹೋಗಲ್ಲ. ವಾಪಸ್ ಹೋಗುವಾಗ ನಮ್ಮ ಮನೆಗೆ ಬಂದು ಊಟ ಮಾಡ್ಕೊಂಡೇ ಹೋಗಬೇಕು.

ಪರ್ಮಿಯನ್_ಪಾಟೀಲ

ತಾಯೇರ, ಮಿಡ್‌ಲ್ಯಾಂಡ್ ಕಡೆ ಹೋದಾಗ ಹೈ ಸ್ಕೈ ವಿಂಗ್ ಹ್ಯಾಂಗರ್‌ಗೂ ಹುಡುಗನ್ನ ಕರಕೊಂಡು ಹೋಗ್ರಿ. ಅಲ್ಲಿ ಮುದುಕರು ಪುರಸೊತ್ತಿನಿಂದ ಕುಂತು ಎಲ್ಲಾ ತೋರಸ್ತಾರ. ಡಾಕ್ಟ್ರೇ, ಹಾರ್ಲಿಂಜನ್‌ನ ನಿಮ್ಮ ಹಿರಿಯ ಮಂದಿ ಮಾತು ಯಾರರೆ ರೆಕಾರ್ಡ್ ಮಾಡ್ಯಾರೇನು?

ವ್ಯಾಲಿ_ಡಾಕ್ಟ್ರು

ಅವರ ಒಪ್ಪಿಗೆ ಪಡೆದು ನಾನೇ ಶುರುಮಾಡುತ್ತೇನೆ. ಏನೇನು ಕೇಳಬೇಕು ಎಂಬ ಪಟ್ಟಿಯನ್ನು ಎಚ್‌ಎಎಲ್ ಸರ್ ಕಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಎಚ್‌ಎಎಲ್_ಹಳಬ

ನಾಳೆಯೇ ಕಳಿಸುತ್ತೇನೆ ಡಾಕ್ಟರೇ. ಮೊದಲ ಪ್ರಶ್ನೆ ಇದಿರಲಿ: ನೀವು ಯಾವ ವಿಮಾನದ ಯಾವ ಭಾಗಕ್ಕೆ ಕೈ ಹಾಕಿದ್ದಿರಿ, ನಿಮ್ಮ ಜೊತೆ ಯಾರ್‍ಯಾರು ಇದ್ದರು? ಹೆಸರುಗಳನ್ನು ಪೂರ್ತಿಯಾಗಿ ಬರೆದುಕೊಳ್ಳಿ.